ನಡುಮನೆಯಲ್ಲಿರುವುದು ಟಿವಿಯೋ ಕಂಪ್ಯೂಟರೋ?

ನನ್ನ ಎಡಗಾಲಿನ ಮಚ್ಚೆ ಎಲ್ಲಿದೆ ಎಂಬುದು ಮಧುಗಿರಿಯಲ್ಲಿ ಕಡಿಮೆಯೆಂದರೂ ಹನ್ನೊಂದು ಜನಕ್ಕೆ ಗೊತ್ತು. ಇದಕ್ಕೆ ಕಾರಣರಾದ ಮಹಾನುಭಾವರು ನನ್ನ ಸೋದರಮಾವ. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಸಿಟ್ಟಾಗುತ್ತಾರೆಂದಲ್ಲ, ಹಿಗ್ಗಿ ಹೀರೇಕಾಯಾಗಿ ಈ ಪ್ರಬಂಧವನ್ನೂ ನಲವತ್ಮೂರು ಇಂಚಿನ ಪರದೆಯ ಮೇಲೆ ಹಾಕಿ ಇಡೀ ಬೀದಿಗೆ ಓದಿಸಿಬಿಡುತ್ತಾರೆ!

ಟಿವಿಯೂ ಕಂಪ್ಯೂಟರೂ ಒಂದಾಗುತ್ತಿವೆ ಎಂದು ತಿಳಿದವರು ಸಂಭ್ರಮದಿಂದ ಹೇಳುತ್ತಾರೆ. ಆಗಲಿ. ನನ್ನದೇನೂ ತಕರಾರಿಲ್ಲ. ಆದರೆ ಒಂದಾದ ಮೇಲೆ ಆ ವಸ್ತು ಯಾರದು? ಟಿವಿ ಮನೆಮಂದಿಯದು, ಕಂಪ್ಯೂಟರು ಒಬ್ಬರದು. ಎರಡನ್ನೂ ಸೇರಿಸಿ ಕಟ್ಟಿದರೆ ಯಾವುದರ ಕಾನೂನು ನಡೆಯಬೇಕು? ಇದನ್ನು ಯಾವ ತಿಳಿದವರೂ ಹೇಳಿಲ್ಲ. ಹೇಳದೆ ಬಿಟ್ಟ ಆ ಸಂದಿಯಲ್ಲಿ ನಮ್ಮ ಮಾವ ಚಾಪೆ ಹಾಸಿಕೊಂಡು ಕೂತಿದ್ದಾರೆ.

ಮೊದಲು ನನ್ನ ಪರಿಸ್ಥಿತಿ ಹೇಳಿಬಿಡುತ್ತೇನೆ. ನಮ್ಮೂರು ಪಾವಗಡದ ಕಡೆಯ ವಳ್ಳೂರು. ಅಪ್ಪ ಅಲ್ಲಿ ಸೋಲಾರ್ ಫಲಕ ತೊಳೆಯುವವರ ಮೇಸ್ತ್ರಿ. ನಾನು ಡಿಗ್ರಿ ಓದಲು ಮಧುಗಿರಿಗೆ ಬಂದು ಮಾವನ ಮನೆಯಲ್ಲಿ ಉಳಿದೆ. ಮೂರು ವರ್ಷದಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಏಳು ಕಪ್ಪು ಗೆದ್ದೆ, ಮಾವನ ಎದುರು ಒಂದು ವಾದವನ್ನೂ ಗೆಲ್ಲಲಿಲ್ಲ. ಡಿಗ್ರಿ ಮುಗಿದದ್ದೇ ಕಾನೂನು ಓದಬೇಕೆಂದು ಹಟ ಹಿಡಿದೆ. ಅರ್ಜಿ ಆನ್‌ಲೈನು, ಸಂದರ್ಶನವೂ ಆನ್‌ಲೈನು. ಸಿಕ್ಕರೆ ಕರಿಕೋಟು, ಸಿಗದಿದ್ದರೆ ಒಂದು ವರ್ಷ ಮನೆಯಲ್ಲಿ. ಹೆಣ್ಣುಮಕ್ಕಳು ಒಂದು ವರ್ಷ ಮನೆಯಲ್ಲಿ ಸುಮ್ಮನೆ ಕೂತರೆ ನೆಂಟರಿಗೆ ಏನೇನು ಯೋಚನೆ ಬರುತ್ತದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕೆ?

ಹೀಗಿರುವಾಗ ಅಟ್ಟದ ಮೇಲಿಂದ ಅತ್ತೆಯ ಹಿತ್ತಾಳೆ ಕೊಳಗವೊಂದು ನೆಗೆದು ನನ್ನ ಲ್ಯಾಪ್‌ಟಾಪಿನ ಮೇಲೆ ಬಿತ್ತು. ಪರದೆ ಜೇಡರ ಬಲೆಯಾಯಿತು. ಮಿಕ್ಕದ್ದೆಲ್ಲ ಸರಿಯಿದೆ, ಹೊಸ ಪರದೆ ತರಿಸಲು ತಿಂಗಳ ಮೇಲಾಗುತ್ತದೆ ಎಂದರು ಅಂಗಡಿಯವರು. ನಾನು ಅಳುಮುಖ ಮಾಡಿದೆ. ಮಾವ ಮಾತ್ರ ಅಂಗಡಿಯವರನ್ನು ಬಗೆಬಗೆಯಾಗಿ ವಿಚಾರಿಸಿ ಒಂದು ಮೊಳದ ಕರಿ ವೈರು ಹಿಡಿದುಕೊಂಡು ಬಂದರು. ಒಂದು ತುದಿ ಲ್ಯಾಪ್‌ಟಾಪಿಗೆ, ಇನ್ನೊಂದು ತುದಿ ಟಿವಿಗೆ. ಗೋಡೆಯ ಮೇಲೆ ನನ್ನ ಇಡೀ ಬದುಕು ಬೆಳಗಿತು.

"ಮೈನ್ ಪೈಪಿಗೆ ಜಾಯಿಂಟ್ ಕೊಟ್ಟಂಗಾಯ್ತು ಬುಡು!" ಎಂದರು ಮಾವ, ಕೈ ಒರೆಸಿಕೊಳ್ಳುತ್ತ.

ಪೈಪಿನ ಮಾತು ಯಾಕೆ ಬಂತೆಂದರೆ, ಮಾವ ಮೂವತ್ತು ವರ್ಷ ಊರಿಗೆ ನೀರು ಬಿಡುವ ವಾಲ್ವ್‌ಮ್ಯಾನ್ ಆಗಿದ್ದವರು. ಉದ್ದನೆಯ ಕಬ್ಬಿಣದ ಕೀಲಿ ಹೆಗಲ ಮೇಲಿಟ್ಟುಕೊಂಡು ಬೀದಿ ಬೀದಿಯ ಗುಂಡಿಗಿಳಿದು, ಇವತ್ತು ಮೇಲಿನ ಬೀದಿಗೆ, ನಾಳೆ ಕೆಳಗಿನ ಬೀದಿಗೆ ಎಂದು ಸರದಿಯ ಮೇಲೆ ನೀರು ಬಿಟ್ಟವರು. ನಿವೃತ್ತರಾದರು, ಕೀಲಿ ವಾಪಸು ಕೊಟ್ಟರು. ತಲೆಯೊಳಗಿನ ಪೈಪುಗಳನ್ನು ಮಾತ್ರ ಯಾರೂ ವಾಪಸು ಕೇಳಲಿಲ್ಲ. ಅವರ ಪಾಲಿಗೆ ಜಗತ್ತಿನಲ್ಲಿರುವುದೆಲ್ಲ ಯಾವುದೋ ಒಂದು ಮೈನ್ ಪೈಪಿನಿಂದ ಬರುತ್ತದೆ. ಬಂದದ್ದು ಬೀದಿಗೆ ಸೇರಿದ್ದು.

ಆದ್ದರಿಂದಲೇ ಆ ಮನೆಯಲ್ಲೊಂದು ಪದ್ಧತಿ. ಟಿವಿ ಹಾಕಿದರೆ ಮುಂಬಾಗಿಲು ತೆರೆದಿರಬೇಕು, ಬಂದವರು ಕೂರಬೇಕು. ಈಗ ಎಲ್ಲರ ಮನೆಯಲ್ಲೂ ಟಿವಿ ಇದೆಯಲ್ಲ, ಇವರೇಕೆ ಬರುತ್ತಾರೆ ಎಂದು ನಾನೊಮ್ಮೆ ತರ್ಕಬದ್ಧವಾಗಿ ಕೇಳಿದೆ. ಎದುರುಮನೆಯ ರಂಗಪ್ಪನವರು, ಪಾವಗಡದ ಬಸ್ಸು ಓಡಿಸಿ ನಿವೃತ್ತರಾದವರು, ಎಂದಿನಂತೆ ಚೂರು ತೆಲುಗು ಬೆರೆಸಿ ಉತ್ತರಿಸಿದರು: "ಏಮ್ಮಾ, ಟಿವಿ ಎಲ್ಲರ ಮನೇಲೂ ಐತೆ. ಅದನ್ನ ಜೊತೇಲಿ ಕೂತ್ಕೊಂಡು ಬೈಯೋಕೆ ಜನ ಬೇಡ್ವಾ?"

ಮಾವನ ಬೈಗುಳದ ವೈಖರಿಯನ್ನು ಕೇಳಿಯೇ ತಿಳಿಯಬೇಕು. ಸುದ್ದಿ ಓದುವವನು ಬಾಯಿ ತೆರೆದರೆ ಸಾಕು, "ಲೇ, ಪಕ್ಕದೋನ್ನ ಮಾತಾಡೋಕೆ ಬುಡಲಾ! ನೀನೇ ಕೇಳ್ತೀಯ, ನೀನೇ ಹೇಳ್ತೀಯ, ಅವನ್ನ ಯಾಕ್ಲಾ ಕರೆಸ್ದೆ?" ಎಂದು ಕೂತಲ್ಲಿಂದಲೇ ನ್ಯಾಯ ತೀರಿಸುತ್ತಾರೆ. ಟಿವಿ ತುಟಿ ಪಿಟಕ್ಕೆನ್ನುವುದಿಲ್ಲ. ಒಂದೇ ಒಂದು ಸಲವೂ ಎದುರುತ್ತರ ಕೊಡದ ಪ್ರತಿವಾದಿ! ಅಂಥ ಪ್ರತಿವಾದಿ ಸಿಕ್ಕಿದ್ದರೆ ನಾನು ಏಳಲ್ಲ, ಎಪ್ಪತ್ತು ಕಪ್ಪು ಗೆಲ್ಲುತ್ತಿದ್ದೆ.

ಇಂಥ ನಡುಮನೆಯಲ್ಲಿ ನಾನು ಅರ್ಜಿ ತುಂಬಲು ಕೂತೆ.

ಮೊದಲ ದಿನ ಪಕ್ಕದ ಮನೆಯ ಗಂಗಜ್ಜಿ ಬಂದರು. ಬಂದವರು ಇದೂ ಒಂದು ಕಾರ್ಯಕ್ರಮವೆಂದು ತಿಳಿದು ಗೋಡೆಗೊರಗಿ ಕೂತರು. ಹಿಂದೆಯೇ ರಂಗಪ್ಪನವರು, ಅವರ ಹಿಂದೆ ಇನ್ನೂ ಏಳೆಂಟು ಮಂದಿ. ಅತ್ತೆ ಒಂದು ಮೊರ ಬೇಯಿಸಿದ ಕಡಲೆಕಾಯಿ ತಂದು ಮಧ್ಯೆ ಇಟ್ಟರು. ಮಾವ ನಿಯಮ ಘೋಷಿಸಿದರು: "ಪರದೆ ಮ್ಯಾಲೆ ಏನ್ ಬಂದ್ರೂ ಗಟ್ಟಿಯಾಗಿ ಕನ್ನಡದಾಗೆ ಓದ್ಬೇಕು. ನೋಡೋರಿಗೆ ಅರ್ಥ ಆಗ್ಬೇಕಲ್ವಾ?"

"ಮಾವ, ಇದು ನನ್ನ ಅರ್ಜಿ! ನೋಡುವವರು ಎಂದರೆ ಯಾರು?"

"ಇವರೆಲ್ಲ ಏನ್ ಕಣ್ಮುಚ್ಕೊಂಡ್ ಕೂತವ್ರಾ?"

ಓದಿದೆ. ಏನು ಮಾಡಲಿ? ತಂದೆಯ ಹೆಸರು, ತಾಯಿಯ ಹೆಸರು. ಸಭೆ ತಲೆದೂಗಿತು. ಮುಂದಿನ ಪ್ರಶ್ನೆ: ಮೈಮೇಲಿನ ಗುರುತು.

"ಎಡಗಾಲ ಮೀನಖಂಡದಾಗೆ ಒಂದು ಮಚ್ಚೆ ಐತೆ," ಎಂದರು ಅತ್ತೆ ಒಳಗಿಂದ, ಒಗ್ಗರಣೆಯ ಸದ್ದನ್ನೂ ಮೀರಿ.

"ಬಲಗಾಲು ಕಣೇ," ಎಂದರು ಗಂಗಜ್ಜಿ. "ಇವಳವ್ವನ ಬಾಣಂತನ ಇಲ್ಲೇ ಆದಾಗ ಮಗೀಗೆ ನೀರು ಹುಯ್ದಿರೋಳು ನಾನಲ್ವಾ?"

ಎಡವೋ ಬಲವೋ ಎಂದು ಕಾಲು ಗಂಟೆ ಚರ್ಚೆ. ಮಾನ ಎಂಬ ಪದಕ್ಕೆ ಅರ್ಥವಿದೆಯೇ ಎಂದು ನಾನು ಗೋಡೆ ನೋಡುತ್ತ ಯೋಚಿಸುತ್ತಿದ್ದೆ. ರಂಗಪ್ಪನವರು ನಡುವೆ ಬಂದು ಪರಿಹಾರ ಸೂಚಿಸಿದರು: "ಸುಮ್ನೆ ಯಾಕೆ ಜಗಳ? ತೋರಿಸಿಬಿಡು ಕಣಮ್ಮ, ತೀರ್ಮಾನ ಆಗೋಗ್ಲಿ."

ನಾನು ಅರ್ಜಿ ಮುಚ್ಚಿದೆ. ಮಾರನೆಯ ದಿನ ಗಂಗಜ್ಜಿ ಬಾಗಿಲಲ್ಲೇ ಕೇಳಿದರು: "ನೆನ್ನೆ ಕಾಲತಾವ ನಿಂತೋಯ್ತಲ್ಲ ಕಂದ, ಇವತ್ತು ಮುಂದಕ್ಕೆ ಹಾಕ್ತಾರಾ?"

ಹೀಗೆ ಒಂದು ಅರ್ಜಿ ನಾಲ್ಕು ಕಂತುಗಳಲ್ಲಿ ಪ್ರಸಾರವಾಯಿತು! ಹವ್ಯಾಸಗಳು ಎಂಬಲ್ಲಿ ಏನು ಬರೆಯಲಿ ಎಂದು ನಾನು ತಡವರಿಸಿದಾಗ ಅತ್ತೆ, "ಎದುರುಮಾತಾಡೋದು ಅಂತ ಬರಿ, ಸುಳ್ಳು ಯಾಕೆ?" ಎಂದರು. ಸಭೆ ಸರ್ವಾನುಮತದಿಂದ ಒಪ್ಪಿತು.

ಐದನೆಯ ದಿನ ಇನ್ನೊಂದು ಘಟನೆ. ಎಲ್ಲರೂ ಕೂತಿದ್ದಾಗ ಪರದೆಯ ಮೂಲೆಯಲ್ಲಿ ಠಣ್ಣೆಂದು ನನ್ನ ಗೆಳತಿಯ ಮೆಸೇಜು ಮೂಡಿತು. ಗೇಣುದ್ದದ ಅಕ್ಷರ. ಅದೂ ಕನ್ನಡದಲ್ಲಿ: "ನಿಮ್ಮ ವಾಲ್ವ್‌ಮ್ಯಾನ್ ಮಲಗಿದ ಮೇಲೆ ಫೋನ್ ಮಾಡು."

ಕಡಲೆಕಾಯಿ ಸುಲಿಯುವ ಕೈಗಳು ನಿಂತವು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮಾವ ಕನ್ನಡಕ ಏರಿಸಿ ಎರಡು ಸಲ ಓದಿದರು. ಬಹಳ ಗಂಭೀರವಾಗಿ ಹೇಳಿದರು:

"ನಾನು ಮಲಗೋದು ಒಂಬತ್ತೂವರೆಗೆ ಅಂತ ಬರಿ. ಪಾಪ, ಆ ಹುಡುಗಿ ಕಾಯ್ಕೊಂಡ್ ಕೂತಿರ್ತದೆ."

ಇಂಥವರ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ಆದರೂ ಮಾಡಿದೆ. ಸಿಟ್ಟು ನನ್ನ ಮೂಲಭೂತ ಹಕ್ಕು.

ಅವರ ಜಲಶಾಸ್ತ್ರ ಬೇರೆ! ಪರದೆಯ ಮೇಲಿನ ಚಿತ್ರ ಅಲ್ಲೇ ನಿಂತು ಚಕ್ರ ತಿರುಗತೊಡಗಿದರೆ, ನೆಟ್‌ವರ್ಕ್ ಇಲ್ಲ ಎಂದು ನೀವೂ ನಾನೂ ಸುಮ್ಮನಾಗುತ್ತೇವೆ. ಮಾವ ಆಗುವುದಿಲ್ಲ. "ಮೇಲಿನ ಬೀದಿಯೋರು ಎಳೀತಾ ಅವ್ರೆ," ಎಂದು ಟವೆಲ್ಲು ಕೊಡವಿ ಹೊರಗೆ ಹೊರಟರು ಒಂದು ದಿನ. ಹಿಂದೆ ನೀರಿಗೆ ಮೋಟಾರು ಹಾಕಿ ಎಳೆಯುವವರನ್ನು ಗದರಿಸಿದ ಅದೇ ದನಿಯಲ್ಲಿ ಬೀದಿಯ ಕೊನೆಯವರೆಗೂ ಕೂಗಿಕೊಂಡು ಹೋದರು: "ಟಿವಿ ಆಫ್ ಮಾಡ್ರೋ! ಫೋನ್ ಆಫ್ ಮಾಡ್ರೋ! ನಮ್ ಹುಡುಗಿ ಸರ್ಟಿಫಿಕೇಟು ಅರ್ಧ ಹೋಗಿ ಸಿಕ್ಕಾಕ್ಕೊಂಡೈತೆ!"

ಬೀದಿ ಆಫ್ ಮಾಡಿತು. ನೀರು ಬಿಟ್ಟ ಕೈಗೆ ಅಷ್ಟು ಮರ್ಯಾದೆ. ಅವರು ವಾಪಸು ಬಂದು ಕೂರುವುದಕ್ಕೂ ಚಕ್ರ ನಿಂತು ಸರ್ಟಿಫಿಕೇಟು ಹೋಗುವುದಕ್ಕೂ ಸರಿಹೋಯಿತು.

"ಮಾವ, ಇದು ಕಾಕತಾಳೀಯ. ಒಂದರ ಹಿಂದೆ ಒಂದು ಆದ ಮಾತ್ರಕ್ಕೆ ಇದರಿಂದಲೇ ಅದು ಆಯಿತು ಎನ್ನಲಾಗದು."

"ಹೋಯ್ತಾ ಇಲ್ವಾ?"

"ಹೋಯಿತು. ಆದರೆ..."

"ಆದ್ರೆ ಗೀದ್ರೆ ನೀರು ಬಂದ್ಮೇಲೆ ಯಾರೂ ಕೇಳಲ್ಲ ಕಣಮ್ಮ. ಬಿಂದಿಗೆ ಇಡ್ತಾರೆ."

ಕೊನೆಗೆ ಒಂದು ಮಧ್ಯಾಹ್ನ ನಾನು ಯುದ್ಧ ಘೋಷಿಸಿದೆ. ಸಂದರ್ಶನದ ಸೂಚನೆ ಬಂದಿತ್ತು: ಬರುವ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ, ಕಂಪ್ಯೂಟರಿನಿಂದಲೇ ಹಾಜರಾಗಬೇಕು, ಫೋನು ನಡೆಯದು, ಕೋಣೆಯಲ್ಲಿ ಅಭ್ಯರ್ಥಿಯ ಹೊರತು ಯಾರೂ ಇರಕೂಡದು. ಎದ್ದು ನಿಂತು ಸ್ಪರ್ಧೆಯ ದನಿಯಲ್ಲಿ ಕೇಳಿದೆ: "ಮಾವ, ಒಂದು ಪ್ರಶ್ನೆಗೆ ಉತ್ತರ ಹೇಳಿ. ಗೋಡೆಯ ಮೇಲಿರುವುದು ಟಿವಿಯೋ ಕಂಪ್ಯೂಟರೋ? ಕಂಪ್ಯೂಟರಾದರೆ ಅದರಲ್ಲಿ ಮೂಡುವುದು ನನ್ನದು. ಅದರ ಮೇಲೆ ನನ್ನೊಬ್ಬಳ ಹಕ್ಕು."

"ಟಿವಿ ಆದ್ರೆ?"

"ಆದರೆ ಎಲ್ಲರದು, ಒಪ್ಪಿದೆ. ಈಗ ಹೇಳಿ."

ಮಾವ ಟಿವಿಯನ್ನು ನೋಡಿದರು, ಲ್ಯಾಪ್‌ಟಾಪನ್ನು ನೋಡಿದರು, ಮಧ್ಯದ ಕರಿ ವೈರನ್ನು ನೋಡಿದರು. "ಮಗಾ, ಮೈನ್ ಪೈಪಲ್ಲಿ ಇದ್ದಾಗ ಅದು ಊರ ನೀರು. ನಿನ್ನ ಬಿಂದಿಗೇಲಿ ಇದ್ದಾಗ ನಿನ್ನ ನೀರು. ನಿನ್ನ ಬಿಂದಿಗೆ ಒಡೆದೋಗೈತೆ. ನಾನೇನ್ ಮಾಡ್ಲಿ?"

ತೀರ್ಪುಗಾರರು ಚಪ್ಪಾಳೆ ತಟ್ಟಿದರು. ತೀರ್ಪುಗಾರರೆಂದರೆ ರಂಗಪ್ಪನವರು.

"ಅದೆಲ್ಲ ಗೊತ್ತಿಲ್ಲ. ಬುಧವಾರ ಯಾರೂ ಇರಕೂಡದು. ಇದ್ದರೆ ನನ್ನ ಸೀಟು ಹೋಗುತ್ತದೆ."

ಮಾವನಿಗೆ ನಿಜವಾಗಿಯೂ ನೋವಾಯಿತು. "ಆ ಕಡೆ ಎಷ್ಟು ಜನ ಇರ್ತಾರೆ?"

"ಮೂವರು."

"ನಿನ್ ಕಡೆ ನೀನೊಬ್ಳೇನಾ? ಇದೆಂಥ ನ್ಯಾಯ ಕಣಮ್ಮ? ಒಂದು ಹೆಣ್ಣು ನೋಡೋ ಶಾಸ್ತ್ರ ಇದ್ರೂ ಹೆಣ್ಣಿನ ಕಡೆ ನಾಲ್ಕು ಜನ ಕೂರ್ತಾರೆ. ಆ ಕಡೆಯೋರು ಏನಂದ್ಕೊಂಡಾರು? ಈ ಹುಡುಗಿಗೆ ಹಿಂದೆ ಮುಂದೆ ಯಾರೂ ಇಲ್ಲ ಅಂದ್ಕೊಳ್ಳಲ್ವಾ?"

ಬುಧವಾರ ಬಂತು. ನಾನು ಮುಂಬಾಗಿಲ ಚಿಲಕ ಹಾಕಿದೆ, ಕಿಟಕಿ ಮುಚ್ಚಿದೆ, ಕನ್ನಡಿಯಲ್ಲಿ ಮುಖ ನೋಡಿಕೊಂಡೆ, ಟಿವಿಯ ಎದುರು ಕುರ್ಚಿ ಹಾಕಿ ಕೂತೆ. ಹನ್ನೊಂದಕ್ಕೆ ಸರಿಯಾಗಿ ಪರದೆಯ ಮೇಲೆ ಮೂವರು ಮೂಡಿದರು, ಒಬ್ಬೊಬ್ಬರ ತಲೆಯೂ ಕೊಳಗದಷ್ಟು. ನಡುವಿನ ಮೇಡಂ ಕನ್ನಡದವರೇ. ನನ್ನನ್ನು ನೋಡಿ ಹುಬ್ಬುಗಂಟಿಕ್ಕಿ ಕೇಳಿದರು:

"ಏನಮ್ಮಾ, ನಿಮ್ಮ ಕಡೆ ಸೂರ್ಯ ಮುಳುಗುತ್ತಿದ್ದಾನಾ? ಎಲ್ಲ ಕೆಂಪಗೆ ಕಾಣುತ್ತಿದೆಯಲ್ಲ!"

ನೋಡಿದರೆ, ಲ್ಯಾಪ್‌ಟಾಪಿನ ನೆತ್ತಿಯ ಮೇಲಿನ ಪುಟ್ಟ ಕ್ಯಾಮೆರಾಕ್ಕೆ ಅತ್ತೆ ಬೆಳಿಗ್ಗೆ ಪೂಜೆ ಮಾಡಿ ಕುಂಕುಮ ಇಟ್ಟಿದ್ದಾರೆ! ಇಡಲು ಅಷ್ಟು ದೊಡ್ಡ ಯಂತ್ರದಲ್ಲಿ ಬೇರೆ ಜಾಗವೇ ಸಿಗಲಿಲ್ಲವೇ? ಚೂಡಿದಾರದ ವೇಲಿನಿಂದ ಒರೆಸಿದೆ. ಒರೆಸಬಾರದಿತ್ತು. ಕುಂಕುಮ ಹೋದದ್ದೇ ಚಿತ್ರ ತಿಳಿಯಾಯಿತು. ಪರದೆಯ ಮೂಲೆಯ ಪುಟ್ಟ ಚೌಕದಲ್ಲಿ ನನ್ನ ಮುಖ ಕಾಣಿಸಿತು. ಅದರ ಹಿಂದೆ ಮಾವ. ಮಾವನ ಪಕ್ಕ ಅತ್ತೆ, ಗಂಗಜ್ಜಿ, ರಂಗಪ್ಪನವರು. ಹಿತ್ತಲ ಬಾಗಿಲಿಂದ ಬೆಕ್ಕಿನ ಹೆಜ್ಜೆಯಲ್ಲಿ ಬಂದು, ಇಸ್ತ್ರಿ ಬಟ್ಟೆ ತೊಟ್ಟು, ಹೆಣ್ಣಿನ ಕಡೆಯವರಾಗಿ ಸಾಲಾಗಿ ನಿಂತಿದ್ದರು. ಉಸಿರು ಬಿಗಿಹಿಡಿದಿದ್ದ ಗಂಗಜ್ಜಿ ಆಗಲೇ ಸೀನಿದರು.

"ಹಿಂದೆ ಇರುವವರು ಯಾರು?" ಎಂದರು ಮೇಡಂ.

ಓದುಗರೇ, ಇಷ್ಟು ವರ್ಷ ಮಾವ ಟಿವಿಯನ್ನು ಬೈಯುತ್ತ ಬಂದರು. ಅಂದು ಮೊದಲ ಸಲ ಟಿವಿ ಅವರನ್ನೇ ದಿಟ್ಟಿಸಿ ನೋಡಿ ಪ್ರಶ್ನೆ ಕೇಳಿತು! ಮಾವನ ಹೆಗಲ ಮೇಲಿನ ಟವೆಲ್ಲು ತಾನಾಗಿ ಕೈಗೆ ಬಂತು. ಸುದ್ದಿಯವರನ್ನು ದಿನಕ್ಕೆ ಮೂರು ಸಲ ಹೆದರಿಸುವ ಗಂಟಲಿನಿಂದ ಇರುವೆಯಂಥ ದನಿಯೊಂದು ಹೊರಟಿತು:

"ವಾಲ್ವ್‌ಮ್ಯಾನ್ ಮೇಡಂ... ರಿಟೈರ್ಡು."

"ನಿಯಮ ಓದಿಲ್ಲವೇ? ಕೋಣೆಯಲ್ಲಿ ಅಭ್ಯರ್ಥಿ ಮಾತ್ರ ಇರಬೇಕು. ಇನ್ನೊಮ್ಮೆ ಯಾರಾದರೂ ಕಂಡರೆ ಸಂದರ್ಶನ ಅಲ್ಲಿಗೇ ಮುಗಿಯಿತು."

ಮಾವ ನನ್ನ ಮುಖ ನೋಡಿದರು. ಟಿವಿಗೆ ಕೈಮುಗಿದು, ಎಲ್ಲರನ್ನೂ ಕೋಳಿಮರಿ ಅಟ್ಟುವಂತೆ ಅಟ್ಟಿಕೊಂಡು ಹೊರಟುಹೋದರು. ಹಿತ್ತಲ ಬಾಗಿಲ ಚಿಲಕದ ಸದ್ದಾಯಿತು. ನಡುಮನೆ ಖಾಲಿ. ನಾನು ಇಷ್ಟು ದಿನ ಬಯಸಿದ್ದ ಏಕಾಂತ!

ಮೊದಲೆರಡು ಪ್ರಶ್ನೆ ಹೇಗೋ ದಾಟಿದೆ. ಮೂರನೆಯದನ್ನು ಮೇಡಂ ಕೇಳಿದರು. "ಚರ್ಚಾಸ್ಪರ್ಧಿ ಅಂತ ಬರೆದಿದ್ದೀರಿ. ಎರಡು ನಿಮಿಷ, ಖಾಸಗಿತನದ ಪರವಾಗಿ ವಾದ ಮಾಡಿ."

ಆಹಾ! ತಿಂಗಳಿಂದ ಕುದಿಯುತ್ತಿದ್ದ ವಿಷಯ! ಕುಕ್ಕರಿನ ಹಾಗೆ ಕೂಗಿದೆ. ಮನುಷ್ಯನಿಗೆ ಮುಚ್ಚಿದ ಬಾಗಿಲು ಬೇಕು, ನನ್ನ ಪತ್ರ ನಾನೊಬ್ಬಳೇ ಓದಬೇಕು, ಎಲ್ಲರೂ ನೋಡುವ ಕಡೆ ಯಾರೂ ಸ್ವತಂತ್ರರಲ್ಲ ಎಂದೆಲ್ಲ. ಮೂವರೂ ತಲೆಯಾಡಿಸಿದರು.

"ಚೆನ್ನಾಗಿದೆ. ಈಗ ಎರಡು ನಿಮಿಷ ಇದರ ವಿರುದ್ಧ."

ಬಾಯಿ ತೆರೆದೆ. ಪುಸ್ತಕದ ಯಾವ ವಾದವೂ ಬರಲಿಲ್ಲ. ಬಂದದ್ದು ಗಂಗಜ್ಜಿಯ ಕಣ್ಣು.

ಎರಡು ವಾರದ ಕೆಳಗೆ ಗಂಗಜ್ಜಿ ತನ್ನ ಫೋನಿಗೆ ಏನೋ ಬಂದಿದೆಯೆಂದು ಹಿಡಿದು ತಂದಿದ್ದರು. ಮಾವ ಎಂದಿನಂತೆ ಅದನ್ನೂ ಗೋಡೆಯ ಪರದೆಗೆ ಹಾಕಿಸಿದರು. ನಾನು ಎಂದಿನಂತೆ ಸಿಡಿಮಿಡಿಗೊಂಡು ಓದಿದೆ. ಅದು ಕಣ್ಣಿನ ಆಸ್ಪತ್ರೆಯದು: ಪೊರೆ ತೆಗೆಯಲು ಬರಬೇಕೆಂದು ಕೊಟ್ಟಿದ್ದ ದಿನ ಮಾರನೆಯ ಬೆಳಿಗ್ಗೆಯೇ. ಸಂದೇಶ ಬಂದು ಆರು ದಿನವಾಗಿತ್ತು. ಆರು ದಿನ ಆ ಅಕ್ಷರಗಳು ಯಾರಿಗೂ ಕಾಣದೆ, ಪರಮ ಖಾಸಗಿಯಾಗಿ, ಅಜ್ಜಿಯ ಸೆರಗಿನ ಗಂಟಿನಲ್ಲಿದ್ದವು. ಗಟ್ಟಿಯಾಗಿ ಓದಿದ ಐದು ನಿಮಿಷದಲ್ಲಿ ರಂಗಪ್ಪನವರು ಆಟೋಗೆ ಹೇಳಿದ್ದರು, ಅತ್ತೆ ಬುತ್ತಿಗೆ ಅಕ್ಕಿ ನೆನೆಸಿದ್ದರು. ಇದನ್ನು ಆ ಮೂವರಿಗೆ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ತಿಳಿಯದೆ ಮುಂದಕ್ಕೆ ಹೋದೆ. "ಗುಟ್ಟು ಎಂಬುದು ಓದಲು ಬರುವವರ ಆಸ್ತಿ. ಓದಲು ಬಾರದವರು ಯಾರಿಗಾದರೂ ತೋರಿಸಲೇಬೇಕು. ಒಬ್ಬನಿಗೆ ತೋರಿಸಿದರೆ ಅವನು ಯಜಮಾನನಾಗುತ್ತಾನೆ. ಹತ್ತು ಜನಕ್ಕೆ ತೋರಿಸಿದರೆ ಹತ್ತೂ ಜನ ಸಾಕ್ಷಿಯಾಗುತ್ತಾರೆ. ನಮ್ಮ ಮಾವ ಬಾಗಿಲು ತೆರೆದಿಡುವುದು ಇದಕ್ಕೆ." ಎರಡು ನಿಮಿಷ ಯಾವಾಗಲೋ ದಾಟಿಹೋಗಿತ್ತು. ಸ್ಪರ್ಧೆಯಲ್ಲಾದರೆ ಅಂಕ ಕಳೆಯುತ್ತಿದ್ದರು. ಮೇಡಂ ಏನೋ ಬರೆದುಕೊಂಡು, "ಸಾಕಮ್ಮ, ಹೋಗಿ ಬಾ," ಎಂದರು. ಪರದೆ ಕಪ್ಪಾಯಿತು.

ಬಾಗಿಲು ತೆರೆದರೆ ಜಗಲಿಯ ಮೇಲೆ ಯಾರೂ ಇಲ್ಲ! ಕಿವಿ ಹಚ್ಚಿ ನಿಂತಿರುತ್ತಾರೆಂದೇ ನಾನು ತಿಳಿದಿದ್ದೆ. ಎಲ್ಲರೂ ಅಷ್ಟು ದೂರ, ಬೀದಿಯ ತುದಿಯ ಹೊಂಗೆ ಮರದ ಕೆಳಗೆ, ಒಂದೇ ಒಂದು ಮಾತೂ ಕೇಳಿಸದಷ್ಟು ದೂರ. ಮಾವ ಮಾತ್ರ ನಡುಬೀದಿಯ ಬಿಸಿಲಲ್ಲಿ ನಿಂತು, ಮೈಕಿನಲ್ಲಿ ಈರುಳ್ಳಿ ಕೂಗುತ್ತ ಬಂದ ಗಾಡಿಯವನ ಬಾಯಿಯನ್ನು ಕೈಸನ್ನೆಯಲ್ಲೇ ಮುಚ್ಚಿಸುತ್ತಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು.

ನನ್ನನ್ನು ನೋಡಿ ಬಂದರು. "ಉಣ್ತೀಯೇನಮ್ಮ?" ಎಂದರು. ಅಷ್ಟೇ.

ನಾನು ಕಾದೆ. ಊರಿನವರ ಕಾಲಿನ ಮಚ್ಚೆಯನ್ನೂ ವಿಚಾರಿಸುವ ಮನುಷ್ಯ ಒಂದು ಪ್ರಶ್ನೆ ಕೇಳಬಾರದೇ?

"ಹೆಂಗಾಯ್ತು ಅಂತ ಕೇಳಲ್ಲವಾ ಮಾವ?"

"ಅದು ನಿಂದು ಕಣಮ್ಮ. ನಾನ್ ಯಾಕ್ ಕೇಳ್ಲಿ? ಆವಾಗ್ಲೇ ನನ್ನಿಂದ ಸೀಟು ಹೋಗ್ಬುಡ್ತಿತ್ತು." ಕಣ್ಣು ಬೇರೆ ಕಡೆ ಇತ್ತು. "ನೀನ್ ಹೇಳಿದ್ದೇ ಸರಿ ಬುಡು. ಒಬ್ಬೊಬ್ರುದು ಒಬ್ಬೊಬ್ರಿಗೆ."

ಗೆದ್ದುಬಿಟ್ಟಿದ್ದೆ! ಮೂರು ವರ್ಷದಲ್ಲಿ ಮೊದಲ ಸಲ! ಇಷ್ಟು ಕೆಟ್ಟ ಗೆಲುವನ್ನು ನಾನು ಕಂಡಿರಲಿಲ್ಲ. ಸಿಟ್ಟು ನೆತ್ತಿಗೇರಿತು. ಇಷ್ಟು ಸುಲಭವಾಗಿ ಸೋತುಬಿಡುವುದೆಂದರೇನು? ಯಾರನ್ನು ಕೇಳಿ ಸೋತರು? ಅವರ ಕೈ ಹಿಡಿದು ಎಳೆದುಕೊಂಡು ಹೋಗಿ ಜಗಲಿಯ ಮೇಲೆ ಕೂರಿಸಿದೆ. ಮರದ ಕೆಳಗಿನವರನ್ನೂ ಕೂಗಿ ಕರೆದೆ. ಮೊದಲನೆಯ ಪ್ರಶ್ನೆಯಿಂದ ಒಂದೂ ಬಿಡದೆ ಹೇಳತೊಡಗಿದೆ. ಮೂರನೆಯದರ ಅರ್ಧಕ್ಕೆ ಬಂದಾಗ ನಿಲ್ಲಿಸಿ ವೇಲಿನ ಕುಂಕುಮ ಕೊಡವತೊಡಗಿದೆ.

"ಆಮೇಲೆ?" ಎಂದರು ರಂಗಪ್ಪನವರು.

"ಆಮೇಲೆ ಎದುರು ಪಕ್ಷ ಹಿಡಿದು ಮಾತಾಡು ಎಂದರು. ಮಾತಾಡಿದೆ." ಮಾವನ ಕಡೆ ನೋಡದೆ ಹೇಳಿದೆ. "ನಿಮ್ಮ ಪಕ್ಷ, ಮಾವ. ನೀವು ಹೇಳುವುದನ್ನೆಲ್ಲ ಹೇಳಿದೆ."

ಮಾವ ಟವೆಲ್ಲಿನಿಂದ ಮುಖ ಒರೆಸಿದರು. ಒರೆಸಿಯೇ ಒರೆಸಿದರು, ಬಹಳ ಹೊತ್ತು. ಟವೆಲ್ಲಿನೊಳಗಿಂದಲೇ, ಸಣ್ಣ ಮಗು ಕೇಳುವ ಹಾಗೆ ಕೇಳಿದರು:

"ಗೆದ್ನಾ?"